ಒಂಬತ್ತನೆಯ ಚಿರಂಜೀವಿ

ಅವಧಿ ಮುಗಿಯದ ಕಾಗದ ಸಿಗುವುದೇ ಅಪರೂಪ. ಪಾಸ್‌ಪೋರ್ಟಿಗೆ 10 ವರ್ಷ, ಗೇಟ್ ಅಂಕಕ್ಕೆ 3 ವರ್ಷ, ಐಇಎಲ್‌ಟಿಎಸ್ ಅಂಕಕ್ಕೆ ಬರೀ 2 ವರ್ಷ ಆಯುಸ್ಸು. ಎರಡು ವರ್ಷದಲ್ಲಿ ನೀವು ಇಂಗ್ಲಿಷ್ ಮರೆತರೂ ಮರೆತೀರಿ ಎಂಬ ಅನುಮಾನ ಪರೀಕ್ಷೆ ನಡೆಸಿದವರಿಗೇ ಇದೆ, ನ್ಯಾಯವಾದ ಅನುಮಾನ. ಹದಿನೇಳರಲ್ಲಿ, ಮೀಸೆ ಮೂಡುವ ಗಡಿಬಿಡಿಯಲ್ಲಿ ತೆಗೆದ ಪಿಯುಸಿ ಅಂಕಗಳಿಗೆ ಮಾತ್ರ ಸಾವಿಲ್ಲ. ಏಳು ಚಿರಂಜೀವಿಗಳ ಜೊತೆ ಎಂಟನೆಯವನಾಗಿ ಮಾರ್ಕಂಡೇಯನನ್ನು ಸ್ಮರಿಸುವ ವಾಡಿಕೆಯಿದೆ. ಒಂಬತ್ತನೆಯದಾಗಿ ಮಾರ್ಕ್ಸ್ ಕಾರ್ಡನ್ನು ಸೇರಿಸಲು ಅಡ್ಡಿಯಿಲ್ಲ. ನಲವತ್ತೈದು ದಾಟಿದವರೊಬ್ಬರು ಬಿ.ಎ.ಗೆ ಸೇರೋಣವೆಂದು ಅರ್ಜಿ ಹಿಡಿದು ಹೋದರೆ ಕಾಲೇಜಿನವರು ಮಾತಾಡಿಸುವುದು ಅವರನ್ನಲ್ಲ, ಅವರೊಳಗೆ ಎಂದೋ ಇದ್ದ ಆ ಹದಿನೇಳರ ಹುಡುಗನನ್ನು. ಮನೆ ಕಟ್ಟಿಸಿದ್ದು, ಸಾಲ ತೀರಿಸಿದ್ದು ಲೆಕ್ಕಕ್ಕಿಲ್ಲ. ಲೆಕ್ಕದಲ್ಲಿ 35 ಬಂದದ್ದೇ ಲೆಕ್ಕ. ನನ್ನ ವಾದ ಇಷ್ಟೇ: ಹಳೆಯ ಅಂಕ ಸುಳ್ಳಲ್ಲ, ಹಳತು. ಹತ್ತು ವರ್ಷ ಕಳೆದ ಮೇಲೆ ಎಸ್ಸೆಸ್ಸೆಲ್ಸಿ ಕಾರ್ಡನ್ನು ಹುಟ್ಟಿದ ತಾರೀಖು ನೋಡಲು ಬಳಸಲಿ, ಬುದ್ಧಿ ಅಳೆಯಲು ಬೇಡ.

ಅಷ್ಟಕ್ಕೂ ಆ ಅಳತೆ ಎಷ್ಟು ಗಟ್ಟಿ? 2021ರಲ್ಲಿ ಕೋವಿಡ್ ದೆಸೆಯಿಂದ ಕರ್ನಾಟಕದಲ್ಲಿ ದ್ವಿತೀಯ ಪಿಯು ಪರೀಕ್ಷೆಯೇ ರದ್ದಾಗಿ, ಆ ಸಾಲಿನ ರೆಗ್ಯುಲರ್ ವಿದ್ಯಾರ್ಥಿಗಳು ಸಾರಾಸಗಟಾಗಿ ತೇರ್ಗಡೆಯಾದರು. ಮಾಡಿದ್ದು ಸರಿಯೇ, ಬೇರೆ ದಾರಿ ಇರಲಿಲ್ಲ. ಆದರೆ 1995ರಲ್ಲಿ ಒಂದೇ ಅಂಕಕ್ಕೆ ಡುಮ್ಕಿ ಹೊಡೆದವರೂ ಈ ಪುಣ್ಯವಂತರೂ ಒಂದೇ ಕಿಟಕಿಯ ಮುಂದೆ ನಿಂತರೆ, ಇಬ್ಬರ ನಡುವಿನ ವ್ಯತ್ಯಾಸ ವಿದ್ಯೆಯದೋ ವೈರಾಣುವಿನದೋ ಹೇಳುವುದು ಕಷ್ಟ. ಇನ್ನು ಡಿ.ವಿ.ಜಿ.ಯವರ ವಿಷಯ. ಮೆಟ್ರಿಕ್ಯುಲೇಷನ್ ದಾಟದ ಅವರಿಗೆ ಮೈಸೂರು ವಿಶ್ವವಿದ್ಯಾನಿಲಯ 1961ರಲ್ಲಿ ಗೌರವ ಡಿ.ಲಿಟ್. ಕೊಟ್ಟು ತಾನೂ ಗೌರವ ಪಡೆಯಿತು. ಅದೇ ವರ್ಷ ಅವರು ಡಾಕ್ಟರೇಟಿನ ಬದಲು ಮೊದಲ ವರ್ಷದ ಬಿ.ಎ. ಕೇಳಿದ್ದರೆ, ‘ಅರ್ಹತೆ ಸಾಲದು’ ಎಂಬ ಷರಾ ಬರೆಯದೆ ಗುಮಾಸ್ತರಿಗೆ ಗತಿಯಿರಲಿಲ್ಲ. ಎಲ್ಲರೂ ಡಿ.ವಿ.ಜಿ. ಆಗುತ್ತಾರೆಯೇ ಎಂದು ನೀವು ಕೇಳಬಹುದು. ಆಗುವುದಿಲ್ಲ. ಆದರೆ ಬಿ.ಎ. ಮುಗಿಸಲು ಡಿ.ವಿ.ಜಿ. ಆಗಬೇಕಾಗಿಯೂ ಇಲ್ಲ, ಮುಗಿಸಿದವರನ್ನು ನೋಡಿದರೆ ಗೊತ್ತಾಗುತ್ತದೆ.

ವಯಸ್ಸಾದ ಮೇಲೆ ತಲೆಗೆ ಹತ್ತುವುದಿಲ್ಲ ಎನ್ನುವವರುಂಟು. ಬಾಯಿಪಾಠದ ಕಸುವು ಕುಗ್ಗುವುದು ನಿಜ. ಆದರೆ ಗೃಹಸಾಲದ ಕಂತು ಕಟ್ಟಿದವರಿಗೆ ಚಕ್ರಬಡ್ಡಿಯನ್ನು ಯಾರೂ ಬೋರ್ಡಿನ ಮೇಲೆ ಬಿಡಿಸಿ ತೋರಿಸಬೇಕಿಲ್ಲ, ಪಂಚಾಯಿತಿ ಚುನಾವಣೆಗೆ ನಿಂತು ಸೋತವರಿಗೆ ರಾಜ್ಯಶಾಸ್ತ್ರದ ಅರ್ಧ ಪಠ್ಯ ಮುಗಿದಿರುತ್ತದೆ. 2020ರ ಕೊನೆಯಲ್ಲಿ ಒಡಿಶಾದಲ್ಲಿ 64ರ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು ನೀಟ್ ಬರೆದು ಬುರ್ಲಾದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದರು. 2022ರಲ್ಲಿ ಆ ಪರೀಕ್ಷೆಯ ಗರಿಷ್ಠ ವಯೋಮಿತಿಯನ್ನೇ ತೆಗೆದುಹಾಕಲಾಯಿತು. ಚಿಕ್ಕವರ ಸೀಟು ಕಿತ್ತುಕೊಂಡಂತಾಗಲಿಲ್ಲವೇ ಎಂಬ ಆಕ್ಷೇಪಕ್ಕೆ ಎಂಬಿಬಿಎಸ್ ಮಟ್ಟಿಗೆ ತೂಕವಿದೆ, ಒಪ್ಪುತ್ತೇನೆ. ಆದರೆ ಇತಿಹಾಸಕ್ಕೂ ಕನ್ನಡ ಐಚ್ಛಿಕಕ್ಕೂ ಅಂಥ ನೂಕುನುಗ್ಗಲು ಎಲ್ಲಿದೆ? ಮೇಷ್ಟರು ಹಾಜರಿ ಕರೆದರೆ ‘ಎಸ್ ಸಾರ್’ ಎನ್ನಲು ಇನ್ನೊಂದು ಬಾಯಿ ಸಿಕ್ಕೀತು. ಅದೂ ಪ್ರತಿದಿನ ಬರುವ ಬಾಯಿ, ಏಕೆಂದರೆ ಫೀಸು ಅಪ್ಪನದಲ್ಲ. ಬಾಗಿಲು ಸಡಿಲಿಸಿದರೆ ಗುಣಮಟ್ಟ ಕೆಡುತ್ತದೆಂಬ ಭಯವೂ ಹೊಸದಲ್ಲ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1971ರಲ್ಲಿ ಪಾಠ ಶುರುಮಾಡಿದಾಗ ಯಾರ ಹಳೆಯ ಅಂಕವನ್ನೂ ಕೇಳಲಿಲ್ಲ. ಅಲ್ಲಿ ಒಳಗೆ ಬರುವುದು ಸಲೀಸು, ಪದವಿ ಹಿಡಿದು ಹೊರಗೆ ಹೋಗುವುದು ಕಷ್ಟ. ನಮ್ಮಲ್ಲಿ ತಿರುವುಮುರುವು: ಸೇರುವಾಗ ಸೋಸುತ್ತೇವೆ, ಸೇರಿದವರನ್ನು ಗೈಡ್ ಪುಸ್ತಕದ ಕೈಗೆ ಒಪ್ಪಿಸಿ ನಿಶ್ಚಿಂತರಾಗುತ್ತೇವೆ.

ಇಷ್ಟಾಗಿಯೂ ಪುರಾವೆ ಬೇಕೆಂದರೆ ಅದಕ್ಕೆ ಜಾಗ ಅರ್ಜಿಯ ಜೊತೆಯಲ್ಲೇ ಇದೆ. ಓದು ಬಿಟ್ಟು ಮರಳುವವರಿಂದ ಎಷ್ಟೋ ಕಾಲೇಜುಗಳು ಗ್ಯಾಪ್ ಸರ್ಟಿಫಿಕೇಟ್ ಕೇಳುತ್ತವೆ: ನಡುವಿನ ವರ್ಷಗಳಲ್ಲಿ ಬೇರೆಲ್ಲೂ ಓದಿಲ್ಲವೆಂದು ಛಾಪಾ ಕಾಗದದ ಮೇಲೆ ನೋಟರಿಯ ಮೊಹರಿನೊಂದಿಗೆ ಪ್ರಮಾಣ. ಇಪ್ಪತ್ತೈದು ವರ್ಷದ ಬಾಳು ಮೂರು ಸಾಲಿನಲ್ಲಿ, ಅದೂ ‘ಏನನ್ನೂ ಕಲಿಯಲಿಲ್ಲ’ ಎಂಬ ತಪ್ಪೊಪ್ಪಿಗೆಯ ಧಾಟಿಯಲ್ಲಿ! ಅದರ ಬದಲು ಮೂರು ಪುಟ ಬರೆಯಲು ಬಿಡಲಿ. ಅಂಗಡಿ ನಡೆಸಿ ಜಿಎಸ್‌ಟಿ ತುಂಬಿದ್ದು, ಭಾಗದ ಜಗಳದಲ್ಲಿ ಪಹಣಿ ಓದಲು ಕಲಿತದ್ದು, ಮಗಳಿಗೆ ಪಾಠ ಹೇಳಿಕೊಡಲು ಹೋಗಿ ತಾವೇ ಪಾಠ ಕಲಿತದ್ದು. ಆಮೇಲೆ ಆ ವಿಭಾಗದ ಅಧ್ಯಾಪಕರೊಬ್ಬರು ಎದುರಿಗೆ ಕೂರಿಸಿಕೊಂಡು ಅರ್ಧ ಗಂಟೆ ವಿಚಾರಿಸಲಿ. ಸುಳ್ಳು ಬರೆಯುವವರೂ ಬರುತ್ತಾರಲ್ಲ ಎಂದರೆ, ಬರುತ್ತಾರೆ. ಅರ್ಧ ಗಂಟೆಯ ಪಾಟೀಸವಾಲಿಗೆ ಜಗ್ಗದಂಥ ಸುಳ್ಳನ್ನು ಮೂರು ಪುಟ ಹೆಣೆಯಬಲ್ಲವರು ಸಿಕ್ಕರೆ, ಅವರನ್ನು ಕನ್ನಡ ಐಚ್ಛಿಕಕ್ಕೆ ಕಣ್ಣು ಮುಚ್ಚಿಕೊಂಡು ಸೇರಿಸಿಕೊಳ್ಳಬಹುದು.