ಲೆಕ್ಕದ ಕಾಕಾ

ತಿಪಟೂರಿನಿಂದ ಬಂದು ಬೆಂಗಳೂರಿನಲ್ಲಿ ನಾವು ಸಾಮಾನು ಇಳಿಸಿದ ದಿನ ಲಾರಿಯಿಂದ ಮೊದಲು ಕೆಳಗೆ ಬಂದದ್ದು ಎರಡು ಚೀಲ ತೆಂಗಿನಕಾಯಿ. ಅವನ್ನು ಹೊತ್ತು ಮೆಟ್ಟಿಲು ಹತ್ತುತ್ತಿದ್ದಾಗ ಮೊದಲ ಮಹಡಿಯ ಬಾಗಿಲು ತೆರೆಯಿತು. ಬನಿಯನ್ನು, ಪಟ್ಟಾಪಟ್ಟಿ ಪಾಯಿಜಾಮ, ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು.

"ಲಾರಿಗೆ ಎಷ್ಟು ಕೊಟ್ಟಿ ತಮ್ಮಾ?"

ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ನಾನು ಮೊತ್ತ ಹೇಳಿದೆ. ಹತ್ತಿರದವರು ತೀರಿಕೊಂಡ ಸುದ್ದಿ ಕೇಳಿದವರ ಹಾಗೆ ಅವರು ಕಣ್ಣು ಮುಚ್ಚಿದರು. "ಲೋಡು ಇಳಿಸಿ ವಾಪಸ್ ಬರೂ ಖಾಲಿ ಲಾರಿ ಹಿಡಿದಿದ್ರ ಅರ್ಧಕ್ಕ ಆಗ್ತಿತ್ತಲ್ಲೋ! ಹೋಗ್ಲಿ ಬಿಡು, ಆಗಿದ್ದು ಆತು. ಮುಂದಿನ ಸಲ ಕೇಳು." ಸಾಮಾನೇ ಇನ್ನೂ ಇಳಿಸಿ ಮುಗಿದಿರಲಿಲ್ಲ, ಅವರು ಆಗಲೇ ಮುಂದಿನ ಸಲದ ಮಾತಾಡುತ್ತಿದ್ದರು.

ಇವರೇ ಲೆಕ್ಕದ ಕಾಕಾ. ಗದಗಿನ ಕಡೆಯವರು. 1997ರಲ್ಲಿ ಒಂದು ಟ್ರಂಕು, ಒಬ್ಬ ಹೆಂಡತಿ, ಒಂದು ಚೀಲ ಜೋಳದೊಂದಿಗೆ ಬೆಂಗಳೂರಿಗೆ ಬಂದವರು. ಯಾವುದೋ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದು ಈಗ ನಿವೃತ್ತಿ. ಸ್ಟೋರು ಹೋದರೂ ಕೀಪರ್ ಉಳಿದಿದ್ದಾರೆ. ಬಾಡಿಗೆ ಮನೆಗಳಿರುವ ಬೆಂಗಳೂರಿನ ಯಾವ ಬೀದಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಮಂಡ್ಯದವರಾದರೆ ಮಾವ ಅನ್ನಿಸಿಕೊಳ್ಳುತ್ತಾರೆ, ರಾಯಚೂರಿನವರಾದರೆ ಅಣ್ಣ. ನಮ್ಮ ಪಾಲಿಗೆ, ವಿಜಯನಗರದ ಹಿಂಭಾಗದ ಈ ಮೂರಂತಸ್ತಿನ ಮನೆಯಲ್ಲಿ, ಕಾಕಾ ಬಂದಿದ್ದರು.

ಬೆಂಗಳೂರಿನಲ್ಲಿ ಮನೆ ಹಿಡಿಯಬೇಕಾದ್ದು ಆಷಾಢದಲ್ಲಿ ಎಂಬುದು ಅವರ ಮೊದಲ ಪಾಠ. ಆ ತಿಂಗಳು ಯಾರೂ ಹಾಲುಕ್ಕಿಸುವುದಿಲ್ಲ. ಮನೆ ಖಾಲಿ ಇಟ್ಟುಕೊಂಡ ಓನರು ಟು-ಲೆಟ್ ಬೋರ್ಡನ್ನು ತಾನೇ ನೋಡಿ ನೋಡಿ ಮೆತ್ತಗಾಗಿರುತ್ತಾನೆ. ಆಷಾಢದಲ್ಲಿ ಮಾತು ಮುಗಿಸಬೇಕು, ಶ್ರಾವಣದಲ್ಲಿ ಒಳಗೆ ಹೋಗಬೇಕು. ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ ಆರಕ್ಕೆ ಹಿಡಿದು ಕೂರಬೇಕು. ಕರಾರು ಪತ್ರ 11 ತಿಂಗಳಿಗೇ ಏಕೆ ಎಂಬುದು ಕೂಡ ನನಗೆ ತಿಳಿದದ್ದು ಇವರಿಂದ. ವರ್ಷ ದಾಟಿದ ಕರಾರನ್ನು ರಿಜಿಸ್ಟರ್ ಮಾಡಿಸಲೇಬೇಕು, ಮಾಡಿಸಿದರೆ ಫೀಸು ಕಟ್ಟಬೇಕು. "ಹನ್ನೊಂದಂದ್ರ ಓನರಿಗೂ ಉಳೀತು, ನಮಗೂ ಉಳೀತು. ಸರ್ಕಾರಕ್ಕಷ್ಟ ಹೋತು." ಅಂದಹಾಗೆ ಕಾಕಾ ಇದೇ ಮನೆಯಲ್ಲಿ 14 ವರ್ಷದಿಂದ ಇದ್ದಾರೆ. ಮನೆಯ ಮೇಲಿನ ಪ್ರೀತಿ ಎಂದು ನಾವು ತಿಳಿದಿದ್ದೆವು. ಬಿಟ್ಟು ಹೋಗುವಾಗ ಓನರು ಪೇಂಟಿಂಗ್ ಚಾರ್ಜ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರಲ್ಲ, ಅದನ್ನು ಉಳಿಸುತ್ತಿದ್ದಾರಂತೆ.

"ಮನಿ ನೋಡಾಕ ಹೋದಾಗ ಖೋಲಿ ನೋಡಬ್ಯಾಡ, ನಳ ನೋಡು" ಎಂಬುದು ಎರಡನೆಯ ಪಾಠ. ಬೋರ್‌ವೆಲ್ ನೀರು ಬೇರೆ, ಟ್ಯಾಂಕರ್ ನೀರು ಬೇರೆ, ಕಾವೇರಿ ಬೇರೆ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪಿನಿಂದ ಎತ್ತಿ ತರುವ ನೀರದು. "ಅಷ್ಟು ದೂರದಿಂದ ಬಂದಾಕಿನ್ನ ಗಟಾರಕ್ಕ ಬಿಡ್ತಾರೇನೋ?" ಹಾಗಾಗಿ ಅವರ ಮನೆಯಲ್ಲಿ ಅಕ್ಕಿ ತೊಳೆದ ನೀರು ಕರಿಬೇವಿನ ಕುಂಡಕ್ಕೆ, ಬಟ್ಟೆ ಜಾಲಿಸಿದ ನೀರು ಬಚ್ಚಲಿಗೆ. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರವೆದ್ದು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ ದಿನ ಕಾಕಾ ನೋಟ್‌ಬುಕ್ಕು ತೆಗೆದು ಬರೆದರು: ಉಳಿಕೆ, 5,000. ಅವರಿಗೆ ಕಾರಿಲ್ಲ. ಕೇಳಿದೆ. "ಇದ್ದಿದ್ರ ತೊಳೀತಿದ್ದೆ ಇಲ್ಲೋ?" ಎಂದರು.

ಆ ನೋಟ್‌ಬುಕ್ಕಿನ ವಿಚಾರ ಹೇಳಲೇಬೇಕು. ಅದರಲ್ಲಿ ಖರ್ಚಿನ ಅಂಕಣವೇ ಇಲ್ಲ. "ಖರ್ಚು ಎಲ್ಲಾರೂ ಬರೀತಾರ. ಉಳಿದದ್ದು ಯಾಂವ ಬರೀತಾನ?" ಆಟೋ ಹತ್ತದೆ ನಡೆದದ್ದು, ಹೋಟೆಲಿನ ಮುಂದೆ ನಿಂತು ವಾಸನೆ ನೋಡಿ ಮನೆಗೆ ಬಂದದ್ದು, ಸಂಜೆ ಏಳರ ನಂತರ ತಳ್ಳುಗಾಡಿಯವನು ಕೂಗುವ ಕಡೇ ರೇಟಿಗೆ ಟೊಮ್ಯಾಟೊ ತಂದದ್ದು ಎಲ್ಲವೂ ದಿನಾಂಕದ ಸಮೇತ ಇದೆ. ಅವರ ಹೆಂಡತಿ ಕಾಕು ತವರಿಗೆ ಹೋದ ದಿನಗಳ ಪುಟ ನೋಡಬೇಕು: ಇಂದಿರಾ ಕ್ಯಾಂಟೀನಿನಲ್ಲಿ ಬೆಳಗ್ಗೆ 5, ಮಧ್ಯಾಹ್ನ 10, ರಾತ್ರಿ 10, ಒಟ್ಟು 25. ಪಕ್ಕದಲ್ಲಿ ದರ್ಶಿನಿಯಲ್ಲಿ ತಿಂದಿದ್ದರೆ ಆಗುತ್ತಿದ್ದ ಬಿಲ್ಲು. ಎರಡರ ನಡುವಿನ ಅಂತರಕ್ಕೆ ಕೆಂಪು ಗೆರೆ.

ಹಾಲಿನ ಪುಟವೂ ಓದುವ ಹಾಗಿದೆ. 2024ರ ಜೂನ್‌ನಲ್ಲಿ ನಂದಿನಿ ಹಾಲಿನ ಪ್ಯಾಕೆಟ್ಟಿಗೆ 50 ಮಿಲಿ ಲೀಟರ್ ಹೆಚ್ಚು ತುಂಬಿ 2 ರೂಪಾಯಿ ಏರಿಸಿದಾಗ ಬೀದಿಗೆ ಬೀದಿಯೇ ಬೈಯಿತು. ಕಾಕಾ ಬೈಯಲಿಲ್ಲ. ದಿನಕ್ಕೆ ಎರಡು ಪ್ಯಾಕೆಟ್ಟು, ನೂರು ಮಿಲಿ. ತಿಂಗಳಿಗೆ ಮೂರು ಲೀಟರ್. ಆ ಮೂರು ಲೀಟರನ್ನು ಬೇರೆ ಪಾತ್ರೆಗೆ ಹಾಕಿಸಿ, ಹೆಪ್ಪು ಕೊಡಿಸಿ, ಮೊಸರು ಕೊಳ್ಳುವುದನ್ನೇ ನಿಲ್ಲಿಸಿದರು. 2 ರೂಪಾಯಿ ಕೊಟ್ಟದ್ದು ಮಾತ್ರ ಎಲ್ಲೂ ಬರೆಯಲಿಲ್ಲ, ಅದು ಖರ್ಚಲ್ಲವೇ. 2025ರ ಏಪ್ರಿಲ್ 1ರಿಂದ ಹಾಲಿನ ದರ ಮತ್ತೆ ಏರಿತು, ಪ್ಯಾಕೆಟ್ಟು ಹಳೆಯ ಅಳತೆಗೆ ಇಳಿಯಿತು. ಆ ಬೆಳಗ್ಗೆ ಕಾಕಾ ಪ್ಯಾಕೆಟ್ಟನ್ನು ಅಂಗೈ ಮೇಲಿಟ್ಟು ತೂಗಿ ನೋಡುತ್ತ ಮೆಟ್ಟಿಲ ಮೇಲೆ ಕೂತಿದ್ದರು. "ಐವತ್ತು ಕಸ್ಕೊಂಡು ಬಿಟ್ರು ತಮ್ಮಾ" ಎಂದರು. ಖಾಲಿ ಕವರನ್ನು ನೀರು ಹಾಕಿ ಕಲಕಿ, ಆ ನೀರನ್ನು ಚಪಾತಿ ಹಿಟ್ಟಿಗೆ ಸುರಿದು, ಕವರು ಒಣಗಿಸಿ ಗುಜರಿಗೆ ಹಾಕುವುದು ಮೊದಲಿನಿಂದ ಇದ್ದದ್ದೇ, ಆವತ್ತು ಎರಡು ಸಲ ಕಲಕಿದರು.

ಆದರೆ ಅವರ ಬದುಕಿನ ನಿಜವಾದ ಪೆಟ್ಟು ಗೃಹಜ್ಯೋತಿಯದು.

ಇನ್ನೂರು ಯೂನಿಟ್ ಕರೆಂಟು ಫ್ರೀ ಎಂಬ ಘೋಷಣೆ ಬಂದಾಗ ಕಾಕಾ ಸೇವಾಸಿಂಧುವಿನಲ್ಲಿ ಹೆಸರು ಬರೆಸಿದ ಮೊದಲಿಗರಲ್ಲಿ ಒಬ್ಬರು. ಆಮೇಲೆ ನಿಯಮ ಓದಿದರು. 2022–23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿದ್ದೀರೋ ಅಷ್ಟು, ಅದರ ಮೇಲೆ ಶೇ 10 ಮಾತ್ರ ಪುಕ್ಕಟೆ. ಅದಕ್ಕೆ ಮೇಲ್ಪಟ್ಟದ್ದಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರಾ ಬಿಲ್ಲು. ಕೆಳಗಡೆ ಓನರ್ ಮನೆಯಲ್ಲಿ ಗೀಸರು, ಏಸಿ, ಹಗಲು ಹೊತ್ತೂ ಉರಿಯುವ ಪೋರ್ಟಿಕೋ ದೀಪ, ಸರಾಸರಿ 170. ಅವರಿಗೆ 187 ಯೂನಿಟ್ ಪುಕ್ಕಟೆ ಬಂತು. ಕಾಕಾ ಇಡೀ ವರ್ಷ ಒಂದೇ ಟ್ಯೂಬ್‌ಲೈಟಿನ ಕೆಳಗೆ ಸಂಸಾರವನ್ನೆಲ್ಲ ಕೂಡಿಸಿ, ಸೀರಿಯಲ್ಲಿನ ಜಾಹೀರಾತು ಬಂದಾಗ ಟಿವಿ ಆರಿಸಿ, ಸರಾಸರಿಯನ್ನು 60ಕ್ಕೆ ತಂದು ನಿಲ್ಲಿಸಿದ್ದರು. ಅವರಿಗೆ ಬಂದದ್ದು 66.

"ಉಳಿಸಿದಾಂವಗ ಅರವತ್ತಾರು, ಸುಟ್ಟಾಂವಗ ನೂರಾ ಎಂಬತ್ತೇಳು!" ಈ ಮಾತನ್ನು ಅವರು ಈಗಲೂ ವಾರಕ್ಕೊಮ್ಮೆ ಹೇಳುತ್ತಾರೆ. ಹೇಳುವಾಗ ದನಿ ನಡುಗುತ್ತದೆ. ನನಗೆ ನಗು ಬರುತ್ತದೆ, ಆದರೂ ಅವರ ಕಡೆಗೇ ನ್ಯಾಯ ಇದೆ ಅನ್ನಿಸುತ್ತದೆ.

ಅಂದಿನಿಂದ ದಿನಾ ಬೆಳಗ್ಗೆ, ಐಸಿಯುವಿನಲ್ಲಿ ನರ್ಸು ಚಾರ್ಟು ಬರೆಯುವ ಹಾಗೆ, ಕಾಕಾ ಮೀಟರ್ ಬೋರ್ಡಿನ ಮುಂದೆ ನಿಂತು ಅಂಕಿ ಬರೆದುಕೊಳ್ಳುತ್ತಾರೆ. 66ರ ಒಳಗೆ ನಿಂತ ತಿಂಗಳು ಸೊನ್ನೆ ಬಿಲ್ಲು ಬರುತ್ತದೆ; ಅದನ್ನು ಬಸವಣ್ಣನ ಫೋಟೋದ ಕೆಳಗೆ ಇಟ್ಟು "ಇದ ನೋಡಪಾ ಶೂನ್ಯ ಸಂಪಾದನೆ" ಎಂದು ಕೈ ಮುಗಿಯುತ್ತಾರೆ. ಅಂಕಿ ಅರವತ್ತರ ಹತ್ತಿರ ಬಂತೆಂದರೆ ಅವರ ಫ್ರಿಜ್ಜು ಖಾಲಿಯಾಗುತ್ತದೆ. ದೋಸೆ ಹಿಟ್ಟು, ಮೊಸರು, ಕಾಕುವಿನ ಕೆಂಪು ಚಟ್ನಿಯ ಭರಣಿ ಎಲ್ಲ ಕೆಳಗಿನ ಓನರ್ ಮನೆಗೆ ವರ್ಗವಾಗುತ್ತವೆ. "ಅವರ ಹತ್ರ ಇನ್ನೂ ನಲವತ್ತು ಯೂನಿಟ್ ಪುಕ್ಕಟೆ ಬಿದ್ದಾವ. ಸುಮ್ಮನ ಹಾಳಾಗಿ ಹೋಗ್ತಾವಲ್ಲ" ಎಂಬುದು ವಾದ. ಓನರ್ ಅಮ್ಮ ಎರಡು ತಿಂಗಳು ಸುಮ್ಮನಿದ್ದು ಮೂರನೆಯ ತಿಂಗಳು ಅಡುಗೆಮನೆಗೆ ಬೀಗ ಹಾಕಿಕೊಂಡು ಮದುವೆಗೆ ಹೋದರು. ಭರಣಿಗಳು ನಮ್ಮ ಮನೆಗೆ ಹತ್ತಿದವು. ನಮ್ಮದು ಹೊಸದಾಗಿ ಕಟ್ಟಿದ ಮಹಡಿ. ಹಳೆಯ ಲೆಕ್ಕವಿಲ್ಲದ ಮೀಟರಿಗೆ ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಶೇ 10, ಅಂದರೆ 58. ಅದನ್ನು ನಾವು ತಿಂಗಳ ನಡುವೆಯೇ ದಾಟಿರುತ್ತೇವೆ. "ಕಾಕಾ, ನಮ್ಮದೇ ಮುಗಿದಿದೆ" ಎಂದೆ. "ಅದಕ್ಕ ತಂದೀನಿ. ನಿಮಗ ಹೆಂಗೂ ಬಿಲ್ಲು ಬರ್ತದ. ಬರೂದು ಬಂದ ಮ್ಯಾಲೆ ಸ್ವಲ್ಪ ಹೆಚ್ಚಾದ್ರೇನು?"

ಹೀಗೆಂದು ಅವರನ್ನು ಸ್ವಾರ್ಥಿ ಎನ್ನಲಾರೆ. ನಮ್ಮ ತೆಂಗಿನಕಾಯಿಗೂ ಅವರ ಮನೆಯ ರೊಟ್ಟಿಗೂ ಒಂದು ಒಪ್ಪಂದವಿತ್ತು: ಒಂದು ಕಾಯಿಗೆ ನಾಲ್ಕು ಜೋಳದ ರೊಟ್ಟಿ. 2025ರಲ್ಲಿ ಕಾಯಿ ಬೆಲೆ ಗಗನಕ್ಕೇರಿದಾಗ ನಾವು ಏನೂ ಕೇಳಿರಲಿಲ್ಲ. ಒಂದು ಬೆಳಗ್ಗೆ ಕಾಕುವಿನ ಡಬ್ಬಿಯಲ್ಲಿ ಆರು ರೊಟ್ಟಿ ಬಂದವು. ಹಿಂದೆಯೇ ಕಾಕಾ ಬಂದರು. "ಮಾರ್ಕೆಟ್ ರೇಟು ಏರೇತಿ. ನಿನಗ ಲುಕ್ಸಾನ ಆಗಬಾರದು." ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದರು. ಉಳಿಕೆಯ ಅಂಕಣದಲ್ಲೇ, ಆದರೆ ನನ್ನ ಹೆಸರಿನಲ್ಲಿ.

2023ರ ಜೂನ್ 11ಕ್ಕೆ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಹೊರಗಿನ ಕೆಲಸವೆಲ್ಲ ಕಾಕುವಿನ ಪಾಲಾಯಿತು. ಕೆ.ಆರ್. ಮಾರ್ಕೆಟ್ಟಿಗೆ ಕಾಕು, ಬ್ಯಾಂಕಿಗೆ ಕಾಕು, ಕಾಕಾನ ಕನ್ನಡಕ ರಿಪೇರಿಗೂ ಕಾಕು. ಕನ್ನಡಕವಿಲ್ಲದ ಕಾಕಾ ಮನೆಯಲ್ಲಿ ಮೀಟರ್ ನೋಡಲಾಗದೆ ಒದ್ದಾಡುತ್ತಿದ್ದರು. ಹಬ್ಬಕ್ಕೆ ಊರಿಗೆ ಹೊರಟರೆ ಗಂಡ ಹೆಂಡತಿ ಮೆಜೆಸ್ಟಿಕ್ಕಿನವರೆಗೆ ಜೊತೆಗೆ ಹೋಗುತ್ತಾರೆ. ಅಲ್ಲಿ ಕಾಕು ಆಧಾರ್ ಕಾರ್ಡ್ ಹಿಡಿದು ಕೆಂಪು ಬಸ್ಸು ಹತ್ತುತ್ತಾರೆ, ಕಾಕಾ ರಸ್ತೆ ದಾಟಿ ಎದುರಿನ ರೈಲ್ವೆ ಸ್ಟೇಷನ್ನಿಗೆ ಹೋಗಿ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ಸು ಹಿಡಿಯುತ್ತಾರೆ. ರೈಲಿನ ರಿಸರ್ವೇಷನ್ 120 ದಿನ ಮೊದಲೇ ತೆರೆಯುತ್ತಿದ್ದ ಕಾಲದಲ್ಲಿ ಅವರು ದೀಪಾವಳಿಯ ಟಿಕೆಟ್ಟನ್ನು ಆಷಾಢದ ಆಸುಪಾಸಿನಲ್ಲೇ ತೆಗೆಸಿಬಿಡುತ್ತಿದ್ದರು. 2024ರ ನವೆಂಬರಿನಿಂದ ಅದು 60 ದಿನಕ್ಕೆ ಇಳಿದದ್ದು ಅವರಿಗೆ ಸರಿಬಂದಿಲ್ಲ. "ಮುಂದಾಲೋಚನಿ ಇದ್ದಾಂವಗ ಈ ದೇಶದಾಗ ಕಿಮ್ಮತ್ತಿಲ್ಲ."

ಊರಿಂದ ಬರುವಾಗಿನ ಚೀಲವನ್ನು ನಾನು ಒಮ್ಮೆ ಕಣ್ಣಾರೆ ಕಂಡೆ. ಇಪ್ಪತ್ತೈದು ಕಿಲೋ ಬಿಳಿಜೋಳ, ಅದರ ಮೇಲೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬ್ಯಾಡಗಿ ಮೆಣಸಿನಕಾಯಿ ಪುಡಿ, ಒಂದು ಪೆಂಟೆ ಬೆಲ್ಲ. ರೈಲು ಆವತ್ತು ಬೆಳಗಿನ ಜಾವ ನಾಲ್ಕಕ್ಕೇ ಬೆಂಗಳೂರು ಮುಟ್ಟಿದೆ. ಐದು ಗಂಟೆಯವರೆಗೆ ಆಟೋಗೆ ಒಂದೂವರೆ ಚಾರ್ಜು. ಕಾಕಾ ಪ್ಲಾಟ್‌ಫಾರಮ್ಮಿನಲ್ಲಿ ಚೀಲದ ಮೇಲೆ ಒಂದು ತಾಸು ಕೂತರು. ಐದಾಯಿತು. ಮೀಟರ್ ಹಾಕುವ ಆಟೋದವರು ಯಾರೂ ಸಿಗಲಿಲ್ಲ. ಆರೂವರೆಗೆ ಸಿಟಿ ಬಸ್ಸು ಹಿಡಿದರು, ಚೀಲಕ್ಕೂ ಟಿಕೆಟ್ಟು ಕೊಂಡರು, ಸ್ಟಾಪಿನಿಂದ ಮನೆಗೆ ಹೆಗಲ ಮೇಲೆ ಹೊತ್ತರು. ಮೆಟ್ಟಿಲ ಬುಡದಲ್ಲಿ ಚೀಲದ ಹೊಲಿಗೆ ಬಿಚ್ಚಿತು. ನಾನೂ ನನ್ನ ಹೆಂಡತಿಯೂ ಅರ್ಧ ಗಂಟೆ ಜೋಳ ಆಯ್ದೆವು.

"ನಾಲ್ಕು ತಾಸು ಹಾಳಾಯಿತಲ್ಲ ಕಾಕಾ" ಎಂದೆ. "ಟೈಮಿಗೇನು ರೊಕ್ಕ ಕೊಡಬೇಕೇನೋ? ಊರು ಬಿಟ್ಟು ಬರುವಾಗ ನಮ್ಮ ಹತ್ರ ಇದ್ದದ್ದು ಅದೊಂದ."

ಮೂರು ದಿನ ಸೊಂಟ ಹಿಡಿದು ಮಲಗಿದರು. ಜನೌಷಧಿ ಅಂಗಡಿಯಿಂದ ಮುಲಾಮು ತರಿಸಿ, ಬೇರೆ ಕಡೆ ಎಷ್ಟಾಗುತ್ತಿತ್ತೆಂದು ವಿಚಾರಿಸಿ, ಮಲಗಿದಲ್ಲಿಂದಲೇ ನೋಟ್‌ಬುಕ್ಕಿನಲ್ಲಿ ಬರೆದರು.

ಕಳೆದ ಯುಗಾದಿಗೆ ಕಾಕಾ ಅಷ್ಟೂ ವರ್ಷಗಳ ಉಳಿಕೆಯನ್ನು ಕೂಡಿದರು. 6,42,315 ರೂಪಾಯಿ. ಬೇವು ಬೆಲ್ಲ ಕೊಡಲು ನಾವು ಕೆಳಗೆ ಹೋದಾಗ ಆ ಮೊತ್ತವನ್ನು ದೊಡ್ಡ ದನಿಯಲ್ಲಿ ಓದುತ್ತಿದ್ದರು. ಕಾಕು ಒಲೆಯ ಮುಂದೆ ಹೋಳಿಗೆ ಲಟ್ಟಿಸುತ್ತಿದ್ದರು. ತಿರುಗಿ ನೋಡದೆ ಕೇಳಿದರು: "ಹೌದ್ರೀ, ಅಷ್ಟು ರೊಕ್ಕ ಎಲ್ಲಿ ಐತ್ರಿ?"

ಕಾಕಾ ನೋಟ್‌ಬುಕ್ಕಿನ ಪುಟ ಹಿಂದೆ ಮುಂದೆ ತಿರುಗಿಸಿದರು. "ಐತಲ್ಲ, ಇಲ್ಲೇ" ಎಂದರು.

"ಇದ್ರ ಕೊಡ್ರಿ. ನನ್ನ ಪಾಟಲಿ ಬ್ಯಾಂಕಿನಾಗ ಒತ್ತಿ ಕುಂತು ಮೂರು ವರ್ಷ ಆತು."

ಎರಡು ದಿನ ನೋಟ್‌ಬುಕ್ಕು ಕಾಣಲಿಲ್ಲ. ಮೂರನೆಯ ದಿನ ಕಾಕಾ ಮತ್ತೆ ಮೀಟರಿನ ಮುಂದಿದ್ದರು. ಆವತ್ತು ನನ್ನನ್ನು ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿ, ದನಿ ತಗ್ಗಿಸಿ, ನಾನು ಕೊಡುವ ಬಾಡಿಗೆ ಈ ಮನೆಗೆ ಒಂದೂವರೆ ಸಾವಿರ ಹೆಚ್ಚೆಂದೂ, ಎರಡು ಬೀದಿ ಆಚೆ ಕಾವೇರಿ ನಳವಿರುವ ಮನೆಯೊಂದನ್ನು ತಾವು ಆಗಲೇ ನೋಡಿ ಮಾತಾಡಿದ್ದಾಗಿಯೂ, ಅಡ್ವಾನ್ಸ್ ಆರಕ್ಕೆ ನಿಂತಿದೆಯೆಂದೂ ಹೇಳಿದರು. ಸಾಮಾನು ಸಾಗಿಸಲು ತಳ್ಳುಗಾಡಿಯವನನ್ನೂ ಗೊತ್ತು ಮಾಡಿದ್ದಾರೆ. ಶ್ರಾವಣದಲ್ಲಿ ನಾವು ಅಲ್ಲಿ ಹಾಲುಕ್ಕಿಸುತ್ತೇವೆ.

ಹಾಗಾಗಿ ಎರಡನೆಯ ಮಹಡಿಯ ಈ ಮನೆ ಖಾಲಿಯಾಗುತ್ತಿದೆ. ಊರಿಂದ ಹೊಸದಾಗಿ ಬರುವವರು ಯಾರಾದರೂ ಇದ್ದರೆ ಆಷಾಢದಲ್ಲೇ ಬಂದು ನೋಡಿ, ಓನರ್ ಅಮ್ಮ ಮೆತ್ತಗಿರುತ್ತಾರೆ. ನಮ್ಮನ್ನು ಎಬ್ಬಿಸಿದ್ದು ಕಾಕಾ ಎಂದು ಅವರಿಗೆ ಗೊತ್ತಿಲ್ಲ, ನೀವೂ ಹೇಳಬೇಡಿ. ಲಾರಿಗೆ ಎಷ್ಟು ಕೊಟ್ಟಿರೆಂದು ಮೊದಲ ಮಹಡಿಯಲ್ಲಿ ಕೇಳುತ್ತಾರೆ, ಅರ್ಧ ಹೇಳಿ. ಫ್ರಿಜ್ಜು ಮಾತ್ರ ಸ್ವಲ್ಪ ದೊಡ್ಡದೇ ತನ್ನಿ.