ಹೆಲ್ಮೆಟ್ ಕಳಚಿದ ಮಹನೀಯ

ಬೆಂಗಳೂರಿನ ಕಾರುಚಾಲಕರನ್ನು ವರ್ಗೀಕರಿಸಲು ಹೊರಟ ಯಾವುದೇ ಅಧ್ಯಯನ ಮೊದಲ ಅಧ್ಯಾಯವನ್ನು ಮೀಸಲಿಡಬೇಕಾದದ್ದು ‘ಬಡ್ತಿ ಪಡೆದ ಸವಾರ’ನಿಗೆ, ಎಂದರೆ, ಹತ್ತು ಹದಿನೈದು ವರ್ಷ ಸ್ಕೂಟರು ಓಡಿಸಿ, ಮಳೆ ಬಂದಾಗಲೆಲ್ಲ ಫ್ಲೈಓವರಿನ ಅಡಿಯಲ್ಲಿ ನಿಂತು, ಬಸ್ಸಿಗೂ ಡಿವೈಡರಿಗೂ ನಡುವಿನ ಸಂದಿಯಲ್ಲಿ ಜೀವ ಹಿಡಿದುಕೊಂಡು ನುಸುಳಿ, ಕೊನೆಗೆ ಬ್ಯಾಂಕಿನ ಸಾಲದಲ್ಲಿ ಒಂದು ಬಿಳಿ ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿದ ಗೃಹಸ್ಥನಿಗೆ. ಪೂಜೆಯ ದಿನ ಹೊಸ ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಗುವ ಗಳಿಗೆಯಲ್ಲೇ ಅವನ ಪೂರ್ವಜನ್ಮದ ನೆನಪೂ ಸಂಪೂರ್ಣವಾಗಿ ಅಳಿದುಹೋಗುತ್ತದೆ. ನಗರದ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿದ್ದು, ಅವುಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಎರಡು ಭಾಗ ದ್ವಿಚಕ್ರಗಳೇ ಆಗಿದ್ದರೂ, ಅವು ಇವನ ಗಮನಕ್ಕೆ ಬರುವುದು ಬಂಪರಿಗೆ ತಾಗಿದ ಮೇಲೆ ಮಾತ್ರ.

ತಾಗಿದಾಗ ಅವನು ಕೇಳುವ ಪ್ರಶ್ನೆ ಒಂದೇ: “ಎಲ್ಲಿಂದ ಬಂದ ಇವನು?” ತತ್ತ್ವಜಿಜ್ಞಾಸೆಯಂತೆ ತೋರುವ ಈ ಪ್ರಶ್ನೆಗೆ ತೀರ ಲೌಕಿಕವಾದ ಉತ್ತರವಿದೆ. ಮುಂಗಾಜಿನ ಎರಡೂ ಬದಿಗೆ ಚಾವಣಿಯನ್ನು ಹೊತ್ತು ನಿಂತ ಕಂಬ ಚಾಲಕನ ಕಣ್ಣಿನ ಹತ್ತಿರವೇ ಇರುವುದರಿಂದ, ತಿರುವಿನಲ್ಲಿ ಬರುವ ಒಂದಿಡೀ ಬೈಕು ಸವಾರನ ಸಮೇತ ಅದರ ಹಿಂದೆ ಅಡಗಿಬಿಡಬಲ್ಲದು. ಕನ್ನಡಿಗೂ ಕಣ್ಣಂಚಿಗೂ ಸಿಗದೆ ಕಾರಿನ ಪಕ್ಕದಲ್ಲಿ ಉಳಿಯುವ ‘ಕುರುಡು ಜಾಗ’ದಲ್ಲಿ ಎರಡು ಸ್ಕೂಟರುಗಳು ನೆಮ್ಮದಿಯಿಂದ ಸಂಸಾರ ಹೂಡಬಹುದು. ಇಷ್ಟು ಸಾಲದೆಂಬಂತೆ, ಎದುರಿನಿಂದ ಬರುವ ವಸ್ತು ಚಿಕ್ಕದಾಗಿದ್ದರೆ ಅದು ಇನ್ನೂ ದೂರವಿದೆಯೆಂದು ಲೆಕ್ಕ ಹಾಕುವುದು ಮನುಷ್ಯನ ಕಣ್ಣಿನ ಹಳೆಯ ಚಾಳಿ. 1981ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದ ಬೈಕು ಅಪಘಾತಗಳ ಕುರಿತು ಪ್ರಕಟವಾದ ಹರ್ಟ್ ವರದಿ, ಎರಡು ವಾಹನಗಳು ಡಿಕ್ಕಿಯಾದ ಪ್ರಕರಣಗಳಲ್ಲಿ ಮೂರನೆಯ ಎರಡು ಭಾಗದಷ್ಟರಲ್ಲಿ ಬೈಕಿಗೆ ಸಲ್ಲಬೇಕಾದ ದಾರಿಯನ್ನು ಕಿತ್ತುಕೊಂಡದ್ದು ಇನ್ನೊಂದು ವಾಹನವೇ ಎಂದು ಹೇಳಿತು. ಬೈಕು ಕಾಣಲೇ ಇಲ್ಲವೆಂಬ ಸಮಜಾಯಿಷಿ ಅಲ್ಲಿಯೂ ಸಾಮಾನ್ಯವಾಗಿತ್ತೆಂದ ಮೇಲೆ, ಈ ಮಹನೀಯನನ್ನು ಅಂತರರಾಷ್ಟ್ರೀಯ ಪರಂಪರೆಯ ವಾರಸುದಾರನೆಂದೇ ಗೌರವಿಸಬೇಕಾಗುತ್ತದೆ. ತಿರುಗುವ ಮುನ್ನ ಆಸನದಲ್ಲಿ ತುಸು ಮುಂದಕ್ಕೆ ಬಾಗಿ ಕಂಬದ ಆಚೆ ಇಣುಕಿದರೆ, ಲೇನು ಬದಲಿಸುವ ಮುನ್ನ ಒಮ್ಮೆ ಭುಜದ ಮೇಲಿಂದ ಹಿಂದೆ ನೋಡಿದರೆ, ಆ ಪ್ರಶ್ನೆಯ ಬಹುಭಾಗ ಪರಿಹಾರವಾಗುತ್ತದೆ. ಆದರೆ ಕತ್ತು ತಿರುಗಿಸುವುದು ಸ್ಕೂಟರಿನವರ ಲಕ್ಷಣ, ಕಾರಿನ ಅಂತಸ್ತಿಗೆ ಒಗ್ಗುವುದಿಲ್ಲ.

ಬೈಕು ಕಾಣಲೆಂದು ಸರ್ಕಾರವೇ ಒಂದು ಏರ್ಪಾಡು ಮಾಡಿತು. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರಗಳ ಮುಂದೀಪ ಎಂಜಿನ್ ಚಾಲೂ ಆದೊಡನೆ ತಾನಾಗಿ ಹೊತ್ತಿಕೊಳ್ಳುತ್ತದೆ, ಆರಿಸಲು ಸ್ವಿಚ್ಚೇ ಇರುವುದಿಲ್ಲ. ಇದನ್ನು ಮಾತ್ರ ನಮ್ಮ ಮಹನೀಯ ತಪ್ಪದೆ ನೋಡುತ್ತಾನೆ. ನೋಡಿ, ಮಟಮಟ ಮಧ್ಯಾಹ್ನ ದೀಪ ಉರಿಸಿಕೊಂಡು ಬರುವ ಅಪರಿಚಿತನ ಬ್ಯಾಟರಿಯ ಬಗ್ಗೆ ಮರುಗಿ, ಕಿಟಕಿಯಿಂದ ಕೈ ಚಾಚಿ, ಮುಷ್ಟಿ ಬಿಚ್ಚಿ ಮುಚ್ಚಿ ಆರಿಸುವಂತೆ ಸನ್ನೆ ಮಾಡುತ್ತಾನೆ.

ಇಂಡಿಕೇಟರಿನ ಬಗ್ಗೆ ಅವನ ಸಿದ್ಧಾಂತ ಸ್ಪಷ್ಟವಾಗಿದೆ: ಅದು ಕೋರಿಕೆಯಲ್ಲ, ಆಜ್ಞೆ. ದೀಪ ಮಿಣುಕುವುದೂ ಕಾರು ಎಡಕ್ಕೆ ವಾಲುವುದೂ ಏಕಕಾಲದಲ್ಲಿ ನಡೆಯುತ್ತವೆ, ಎಡದಲ್ಲಿದ್ದವನು ಕಲ್ಲುಚಪ್ಪಡಿ ಏರಿ ಪಾರಾದರೆ “ಹಾಕಿದ್ದೆನಲ್ಲ!” ಎಂಬ ಸಮರ್ಥನೆ ಸಿದ್ಧವಾಗಿರುತ್ತದೆ. ಮುಂದಿನ ಬೈಕಿಗೂ ತನಗೂ ನಡುವೆ ಎಷ್ಟು ಜಾಗವಿರಬೇಕೆಂಬುದೂ ಅವನಿಗೆ ಮರೆತಿದೆ. ಬೈಕಿನವನು ಆಕ್ಸಿಲರೇಟರು ಬಿಟ್ಟು ಗೇರು ಇಳಿಸಿಯೇ ವೇಗ ತಗ್ಗಿಸಬಲ್ಲನಾದ್ದರಿಂದ, ಕೆಂಪು ದೀಪ ಹತ್ತದೆಯೂ ಬೈಕು ನಿಧಾನವಾಗಬಹುದು. ಗುಂಡಿ, ಜಲ್ಲಿ, ಒದ್ದೆಯಾದ ಮ್ಯಾನ್‌ಹೋಲ್ ಮುಚ್ಚಳ ಎದುರಾದರೆ ಪಕ್ಕಕ್ಕೆ ಸರಿಯಲೂಬೇಕು. ಕಾರಿನವನಿಗೆ ಬರೀ ಕುಲುಕಾಟವಾದದ್ದು ಅವನಿಗೆ ಆಸ್ಪತ್ರೆಯ ದಾರಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1.68 ಲಕ್ಷ ಜನರಲ್ಲಿ ನೂರಕ್ಕೆ ನಲವತ್ನಾಲ್ಕರಷ್ಟು ಮಂದಿ ದ್ವಿಚಕ್ರದವರಾಗಿದ್ದರು. ಮುಂದಿನ ಬೈಕು ದಾಟಿದ ವಿದ್ಯುತ್ ಕಂಬವನ್ನು ತಾನು ತಲುಪಲು ಕನಿಷ್ಠ ಮೂರು ಸೆಕೆಂಡು ಹಿಡಿಯುವಷ್ಟು ಅಂತರ ಬೇಕೆಂದು ತಿಳಿದವರು ಹೇಳುತ್ತಾರೆ. ಇವನು ಆ ಮೂರು ಸೆಕೆಂಡುಗಳನ್ನು ಹಾರನ್ನಿಗೆ ವಿನಿಯೋಗಿಸುತ್ತಾನೆ.

ಕಾರು ನಿಂತ ಮೇಲಾದರೂ ಅಪಾಯ ಮುಗಿಯಿತೆನ್ನುವಂತಿಲ್ಲ, ಏಕೆಂದರೆ ಅದಕ್ಕೆ ನಾಲ್ಕು ಬಾಗಿಲುಗಳಿವೆ. ಬಲಬದಿಯಲ್ಲಿ ಕೂತ ಚಾಲಕ ಎಡಗೈಯಿಂದ ಬಾಗಿಲ ಹಿಡಿಕೆಯನ್ನು ಎಳೆದರೆ ಮೈ ತಾನಾಗಿ ಬಲಕ್ಕೆ ಹೊರಳಿ ಹಿಂದೆ ಬರುವವರು ಕಣ್ಣಿಗೆ ಬೀಳುತ್ತಾರೆ. ನೆದರ್ಲೆಂಡ್ಸಿನಲ್ಲಿ ರೂಢಿಯಲ್ಲಿರುವ ಈ ಸರಳ ಉಪಾಯಕ್ಕೆ ‘ಡಚ್ ರೀಚ್’ ಎಂದು ಹೆಸರು. ನಮ್ಮ ಮಹನೀಯನ ಎಡಗೈಯಲ್ಲಿ ಫೋನಿರುತ್ತದೆ. ಹಿಂದಿನ ಆಸನದಲ್ಲಿ, ಮಡಿಲಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡ ಅತ್ತೆಯವರು ದೇವಸ್ಥಾನ ಬಂತೆಂಬ ಸಂಭ್ರಮದಲ್ಲಿ ರಸ್ತೆಯ ಕಡೆಯ ಬಾಗಿಲನ್ನೇ ಪೂರಾ ತೆರೆದಾಗ, “ನಿಧಾನ ಇಳೀರಿ ಅತ್ತೆ, ಮಂಡಿ ಜೋಪಾನ” ಎನ್ನುವಷ್ಟು ಕಾಳಜಿ ಅವನಲ್ಲಿದೆ. ಹಿಂದೆ ಕೀರೆಂದು ನಿಂತ ಬೈಕಿನವನ ಮಂಡಿ ಆ ಕಾಳಜಿಯ ವ್ಯಾಪ್ತಿಗೆ ಬರುವುದಿಲ್ಲ.

ಈ ಮರೆವು ಶಾಶ್ವತವಲ್ಲವೆಂಬುದಕ್ಕೆ ಪ್ರಬಲ ಪುರಾವೆ ಕಾರನ್ನು ಸರ್ವಿಸಿಗೆ ಬಿಟ್ಟ ದಿನ ದೊರೆಯುತ್ತದೆ. ಅಂದು ಅವನು ಮೂಲೆ ಸೇರಿದ್ದ ಸ್ಕೂಟರಿನ ಧೂಳು ಒರೆಸಿ, ನಾಲ್ಕು ಬಾರಿ ಕಿಕ್ ಹೊಡೆದು ರಸ್ತೆಗಿಳಿಯುತ್ತಾನೆ. ಮೊದಲ ಸಿಗ್ನಲ್ ಬರುವಷ್ಟರಲ್ಲಿ ಕತ್ತು ಹಿಂದಕ್ಕೂ ಮುಂದಕ್ಕೂ ಸಲೀಸಾಗಿ ಹೊರಳತೊಡಗುತ್ತದೆ. ಎರಡನೆಯದರ ಹೊತ್ತಿಗೆ, ಮುಂದೆ ಅಡ್ಡಲಾಗಿ ನುಗ್ಗಿದ ಬಿಳಿ ಕಾರೊಂದರ ಡಿಕ್ಕಿಯ ಮೇಲೆ ಅಂಗೈಯಿಂದ ಪಟಾರನೆ ಬಡಿದು, ಲೈಸೆನ್ಸನ್ನು ದುಡ್ಡು ಕೊಟ್ಟು ತಗೊಂಡೆಯಾ ಎಂದು ವಿಚಾರಿಸುತ್ತಾನೆ.