ಮರ್ಯಾದೆಗೊಂದು ಪ್ರತ್ಯೇಕ ಕಂಪನಿ

ಗಿರಾಕಿಗೆ ಮರ್ಯಾದೆ ಕೊಡಬೇಕು ಅನ್ನಿಸಿದರೆ ಸಾಮಾನ್ಯ ಅಂಗಡಿಯವನು ಮರ್ಯಾದೆ ಕೊಡುತ್ತಾನೆ, ಅಷ್ಟೆ. ಅಮೆರಿಕದ ಜನರಲ್ ಮೋಟರ್ಸ್ ಸಾಮಾನ್ಯ ಅಂಗಡಿಯಲ್ಲ. 1985ರ ಜನವರಿಯಲ್ಲಿ ಅದರ ಅಧ್ಯಕ್ಷ ರೋಜರ್ ಸ್ಮಿತ್ ಈ ಕೆಲಸಕ್ಕೆಂದು ಒಂದು ಹೊಸ ಕಂಪನಿಯನ್ನೇ ಘೋಷಿಸಿದರು. ಹೇಳಿದ ಬಂಡವಾಳ 500 ಕೋಟಿ ಡಾಲರ್. ಹೆಸರು ಸ್ಯಾಟರ್ನ್. ಮನುಷ್ಯರನ್ನು ಚಂದ್ರನತ್ತ ಒಯ್ದ ರಾಕೆಟ್ಟಿನ ಹೆಸರದು. ಜಪಾನಿನ ಸಣ್ಣ ಕಾರನ್ನು ಹಿಂದಿಕ್ಕುವುದು ಚಂದ್ರನಿಗೆ ಹೋಗಿಬಂದಷ್ಟೇ ಕಷ್ಟ ಎಂದು ಡೆಟ್ರಾಯ್ಟಿನ ಕೇಂದ್ರ ಕಚೇರಿಯವರು ಶುರುವಿನಲ್ಲೇ ಒಪ್ಪಿಕೊಂಡಿದ್ದರೆಂದು ಕಾಣುತ್ತದೆ.

ಮನೆಯಲ್ಲಿ ಆಗಲೇ ಐವರಿದ್ದರು: ಶೆವರ್ಲೆ, ಪಾಂಟಿಯಾಕ್, ಓಲ್ಡ್ಸ್‌ಮೊಬಿಲ್, ಬ್ಯೂಕ್, ಕ್ಯಾಡಿಲ್ಯಾಕ್. ಟೊಯೋಟಾ, ಹೋಂಡಾ ಕಡೆ ಹೊರಟುಹೋದ ಗಿರಾಕಿಯನ್ನು ವಾಪಸು ಕರೆತರುವ ಸಣ್ಣ ಕಾರು ಇವರಲ್ಲೊಬ್ಬರ ಕೈಯಿಂದಲೂ ಆಗಿರಲಿಲ್ಲ. ಐದು ಮಕ್ಕಳೂ ಮಾತು ಕೇಳದಿದ್ದಾಗ ತಿದ್ದುವುದು ಬಿಟ್ಟು ಆರನೆಯದನ್ನು ಹಡೆದ ಕೂಡು ಕುಟುಂಬ ಇದು.

ಇದಕ್ಕೆ ಸ್ವಲ್ಪ ಮೊದಲು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಒಂದು ಮುಜುಗರದ ಪ್ರಸಂಗ ನಡೆದಿತ್ತು. ಕೆಲಸಗಾರರು ಕೆಟ್ಟವರು, ಹೇಳದೆ ಕೇಳದೆ ಚಕ್ಕರ್ ಹೊಡೆಯುವವರು ಎಂದು ಮುಚ್ಚಿದ್ದ ಅಲ್ಲಿನ ಕಾರ್ಖಾನೆಯನ್ನು ಜನರಲ್ ಮೋಟರ್ಸ್ 1984ರಲ್ಲಿ ಟೊಯೋಟಾ ಜೊತೆ ಸೇರಿ ಮತ್ತೆ ತೆರೆಯಿತು. ಕಾರು ಕಟ್ಟಿದವರು ಬಹುಪಾಲು ಅದೇ ಕೆಲಸಗಾರರು. ನಡೆಸಿದವರು ಮಾತ್ರ ಜಪಾನಿನವರು. ನೋಡನೋಡುತ್ತಿದ್ದಂತೆ ಒಳ್ಳೆಯ ಕಾರುಗಳು ಹೊರಬರತೊಡಗಿದವು. ಕೆಟ್ಟಿದ್ದು ಯಾವುದು ಎಂದು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಪರೀಕ್ಷೆ ಬೇಕಿರಲಿಲ್ಲ. ಮೇಲಧಿಕಾರಿಗಳು ಫಲಿತಾಂಶವನ್ನು ಗಮನವಿಟ್ಟು ಓದಿ, ತಾವು ಕೂತಿದ್ದ ಕುರ್ಚಿಗಳನ್ನು ಹಾಗೇ ಬಿಟ್ಟು, ದೂರದಲ್ಲೊಂದು ಊರು ಹುಡುಕಲು ಹೊರಟರು.

ಊರಿಗೇನು ಬರ. ಕಾರ್ಖಾನೆ ನಮಗಿರಲಿ ಎಂದು ಬೇಡಿಕೊಳ್ಳಲು ರಾಜ್ಯಗಳ ಗವರ್ನರುಗಳು ಫಿಲ್ ಡೊನಹ್ಯೂ ಎಂಬಾತನ ಟಿ.ವಿ. ಕಾರ್ಯಕ್ರಮದಲ್ಲಿ ಸಾಲಾಗಿ ಬಂದು ಕೂತರು. ಕೊನೆಗೆ ಗೆದ್ದದ್ದು ಟೆನೆಸಿ ರಾಜ್ಯ. ನ್ಯಾಶ್‌ವಿಲ್‌ನ ದಕ್ಷಿಣಕ್ಕೆ, ಹೊಲಗದ್ದೆಗಳ ನಡುವೆ ಇದ್ದ ಸ್ಪ್ರಿಂಗ್ ಹಿಲ್ ಎಂಬ ಪುಟ್ಟ ಊರು. ಅಲ್ಲಿ ಹಾಜರಿ ಗಡಿಯಾರ ಇಲ್ಲ. ಸಾಹೇಬರಿಗೂ ಕೆಲಸಗಾರರಿಗೂ ಒಂದೇ ಕ್ಯಾಂಟೀನು. ಕಾರ್ಮಿಕ ಸಂಘದ ಜೊತೆಗಿನ ಒಪ್ಪಂದ ಬರೀ 28 ಪುಟ. ಉಳಿದ ಕಾರ್ಖಾನೆಗಳಲ್ಲಿ ಅದು ದಪ್ಪ ಪುಸ್ತಕ. ಪರಸ್ಪರ ನಂಬಿಕೆ ಇದ್ದರೆ ಎಷ್ಟು ಕಾಗದ ಉಳಿಯುತ್ತದೆ ಎಂಬುದು ಈ ಪ್ರಯೋಗದ ಮೊದಲ ಸಂಶೋಧನೆ. ಅದನ್ನು ಡೆಟ್ರಾಯ್ಟಿಗೆ ಯಾರೂ ಒಯ್ಯಲಿಲ್ಲ.

1990ರ ಜುಲೈ 30ರಂದು ಮೊದಲ ಕಾರು ಹೊರಬಂತು. ರೋಜರ್ ಸ್ಮಿತ್ ಮತ್ತು ಕಾರ್ಮಿಕ ಸಂಘದ ಅಧ್ಯಕ್ಷ ಓವನ್ ಬೀಬರ್ ಜೊತೆಯಾಗಿ ಅದರಲ್ಲಿ ಕೂತು ಬಂದರು. ಮರುದಿನ ಸ್ಮಿತ್ ನಿವೃತ್ತರಾದರು. ಕೂಸು ಹುಟ್ಟಿದ ಮಾರನೆಯ ದಿನವೇ ಅಪ್ಪ ಊರು ಬಿಟ್ಟ ಮೇಲೆ ಅದು ದೊಡ್ಡಪ್ಪ ಚಿಕ್ಕಪ್ಪಂದಿರ ಪಾಲಾಯಿತು.

ಅಷ್ಟಾದರೂ ಶೋರೂಮಿನಲ್ಲಿ ನಡೆದದ್ದು ಪವಾಡವೇ. ಅಮೆರಿಕದಲ್ಲಿ ಕಾರು ಕೊಳ್ಳುವುದೆಂದರೆ ಹಲ್ಲು ಕೀಳಿಸಿಕೊಳ್ಳಲು ಹೋದ ಹಾಗೆ ಹೆದರುತ್ತಿದ್ದ ಕಾಲ. ಸೇಲ್ಸ್‌ಮನ್ ಒಂದು ಬೆಲೆ ಹೇಳುತ್ತಾನೆ, ‘ಮ್ಯಾನೇಜರ್‌ನ ಕೇಳಿಕೊಂಡು ಬರ್ತೀನಿ ಇರಿ’ ಎಂದು ಒಳಗೆ ಹೋಗುತ್ತಾನೆ, ಅಲ್ಲಿ ಕಾಫಿ ಕುಡಿದು ಬಂದು ಇನ್ನೊಂದು ಬೆಲೆ ಹೇಳುತ್ತಾನೆ. ಸ್ಯಾಟರ್ನ್‌ನಲ್ಲಿ ಚೀಟಿಯಲ್ಲಿ ಬರೆದದ್ದೇ ಬೆಲೆ. ಚೌಕಾಸಿ ಇಲ್ಲ. ಮಾರುವವನಿಗೆ ಸಂಬಳ ಇದ್ದುದರಿಂದ ಕಮಿಷನ್ನಿಗಾಗಿ ಬೆನ್ನು ಹತ್ತುವ ಅಗತ್ಯವಿರಲಿಲ್ಲ. ಕಾರು ಒಯ್ಯುವ ದಿನ ಶೋರೂಮಿನ ಮಂದಿಯೆಲ್ಲ ಕೆಲಸ ಬಿಟ್ಟು ಬಂದು, ಸುತ್ತ ನಿಂತು, ಚಪ್ಪಾಳೆ ತಟ್ಟಿ, ಕೂಗಿ, ಫೋಟೊ ತೆಗೆದು ಕಳಿಸುತ್ತಿದ್ದರು. ನಾಚಿಕೆ ಸ್ವಭಾವದ ಲೆಕ್ಕಪತ್ರದ ಗುಮಾಸ್ತ, ಶಾಲೆಯ ಮೇಡಂ, ನಿವೃತ್ತ ಅಂಚೆಯವ, ಇಂಥವರಿಗೆ ಮದುವೆಯಲ್ಲೂ ಇಷ್ಟು ಚಪ್ಪಾಳೆ ಬಿದ್ದಿರಲಾರದು.

ಗಿರಾಕಿಗಳು ಕರಗಿಹೋದರು. ಮೋಸ ಮಾಡದಿದ್ದಕ್ಕೇ ಧನ್ಯತಾಪತ್ರ ಬರೆಯುವ ಗಿರಾಕಿಗಳನ್ನು ಕಂಡು, ಉಳಿದ ಕಂಪನಿಗಳು ಇಷ್ಟು ದಿನ ಏನು ಮಾಡುತ್ತಿದ್ದವು ಎಂದು ಕೇಳಬೇಕಿತ್ತು. ಜಾಹೀರಾತಿನವರು ಮಾತ್ರ ಕೇಳಿದರು. ಅವರು ಕಾರನ್ನು ತೋರಿಸುವ ಬದಲು ಗಿರಾಕಿಯ ಕತೆ ಹೇಳಿದರು. ಅಲಾಸ್ಕಾದಲ್ಲಿದ್ದ ಒಬ್ಬ ಹೆಣ್ಣುಮಗಳ ಕಾರಿನ ಸೀಟು ಬದಲಾಯಿಸಲು ಕಂಪನಿಯವನೊಬ್ಬ ಅಲ್ಲಿಯವರೆಗೂ ಹೋದದ್ದು ಒಂದು ಪ್ರಸಿದ್ಧ ಜಾಹೀರಾತು. ಸೀಟಿನಲ್ಲಿ ದೋಷವಿತ್ತು ಎಂಬುದು ನೋಡುವವರ ನೆನಪಿನಲ್ಲಿ ಉಳಿಯಲೇ ಇಲ್ಲ.

1991ರಲ್ಲಿ ಕೂಲೆಂಟ್ ಕೆಟ್ಟು ಇಂಜಿನ್ ತುಕ್ಕು ಹಿಡಿಯುವ ಅಪಾಯ ಕಂಡಾಗ 1,800ಕ್ಕೂ ಹೆಚ್ಚು ಕಾರುಗಳನ್ನು ರಿಪೇರಿ ಮಾಡದೆ, ಬದಲಿಗೆ ಹೊಸ ಕಾರನ್ನೇ ಕೊಟ್ಟರು. 1993ರಲ್ಲಿ ವೈರಿಗೆ ಬೆಂಕಿ ಹತ್ತಬಹುದು ಎಂದು ಸುಮಾರು ಮೂರೂವರೆ ಲಕ್ಷ ಕಾರುಗಳನ್ನು ವಾಪಸು ಕರೆದಾಗ, ಕೆಲವು ಶೋರೂಮುಗಳಲ್ಲಿ ಬಂದವರಿಗೆ ಊಟ ಹಾಕಿದರು, ಕಾರು ತೊಳೆದುಕೊಟ್ಟರು. ನಿಮ್ಮ ಕಾರು ಹೊತ್ತಿ ಉರಿಯಬಹುದು, ಬನ್ನಿ ಕಬಾಬು ತಿನ್ನೋಣ! ಜನ ಖುಷಿಯಿಂದ ಬಂದರು. ಮರುವರ್ಷ ಬೇಸಿಗೆಯಲ್ಲಿ ಮಾಲೀಕರನ್ನೆಲ್ಲ ಸ್ಪ್ರಿಂಗ್ ಹಿಲ್‌ಗೆ ಕರೆದರೆ ಸುಮಾರು 44,000 ಮಂದಿ ತಮ್ಮ ಕಾರಿನ ತವರುಮನೆ ನೋಡಲು ಬಂದಿಳಿದರು. ರಜೆ ಹಾಕಿ, ಪೆಟ್ರೋಲಿಗೆ ತಾವೇ ದುಡ್ಡು ಕೊಟ್ಟು, ಮಕ್ಕಳನ್ನು ಹಿಂದಿನ ಸೀಟಿನಲ್ಲಿ ತುಂಬಿಕೊಂಡು, ಕಾರ್ಖಾನೆ ನೋಡಲು! ಇಂಥ ಜಾತ್ರೆ ಕ್ಯಾಡಿಲ್ಯಾಕ್‌ಗೂ ಕೂಡಿರಲಿಲ್ಲ.

ಇನ್ನು ಕಾರಿನ ವಿಷಯ. ಅದನ್ನು ಇಷ್ಟು ಹೊತ್ತು ಬಿಟ್ಟದ್ದು ಬೇಕೆಂದೇ. ಕಂಪನಿಯೂ ಹಾಗೇ ಮಾಡಿತ್ತು. ಬಾಗಿಲು, ಮಡ್‌ಗಾರ್ಡುಗಳೆಲ್ಲ ಪ್ಲಾಸ್ಟಿಕ್ಕು. ಅಂಗಡಿಯ ಟ್ರಾಲಿ ಬಂದು ಗುದ್ದಿದರೂ ನೆಗ್ಗುತ್ತಿರಲಿಲ್ಲ, ತುಕ್ಕು ಹಿಡಿಯುತ್ತಿರಲಿಲ್ಲ. ಬಿಸಿಲಿಗೆ ಪ್ಲಾಸ್ಟಿಕ್ಕು ಹಿಗ್ಗುತ್ತದಾದ್ದರಿಂದ ಬಾಗಿಲ ಸುತ್ತ ಅಗಲವಾದ ಸಂದು ಬಿಟ್ಟಿದ್ದರು. ಇಂಜಿನ್ ಗದ್ದಲ ಮಾಡುತ್ತಿತ್ತು, ಆಯಿಲ್ ಕುಡಿಯುತ್ತಿತ್ತು. ಪಿಸ್ಟನ್ ರಿಂಗುಗಳಿಂದ ಆಯಿಲ್ ಸರಿಯಾಗಿ ಇಳಿದುಹೋಗದೆ ಮಸಿ ಕಟ್ಟಿಕೊಂಡು, ಕಾಲ ಕಳೆದಂತೆ ಅದು ಪೆಟ್ರೋಲಿನ ಜೊತೆ ಉರಿದುಹೋಗುವುದು ಅದರ ಹುಟ್ಟುಗುಣ. ಹಳೆ ಸ್ಯಾಟರ್ನ್ ಮಾಲೀಕನ ಡಿಕ್ಕಿಯಲ್ಲಿ ಆಯಿಲ್ ಡಬ್ಬಿ ಇರಲೇಬೇಕು. ಆತ ಡಿಪ್‌ಸ್ಟಿಕ್ ಎಳೆದು ನೋಡಿ, ಒಂದು ಡಬ್ಬಿ ಸುರಿದು, ‘ಎರಡು ಲಕ್ಷ ಮೈಲಿ ಓಡಿದೆ, ಒಂದು ದಿನವೂ ಕೈಕೊಟ್ಟಿಲ್ಲ’ ಎನ್ನುತ್ತಾನೆ. ಹೇಳುವುದು ಸುಳ್ಳೂ ಅಲ್ಲ. ಗುಜರಿಯಿಂದ ಅದೇ ಬಣ್ಣದ ಬಾಗಿಲ ಹಾಳೆ ತಂದು, ಮನೆಯಂಗಳದಲ್ಲೇ ಬೋಲ್ಟು ಬಿಚ್ಚಿ ಹಾಕಿಕೊಳ್ಳಬಹುದಾದ ಕಾರು ಅದು. ಟೊಯೋಟಾದ ಮಟ್ಟಕ್ಕೆ ಬರಲಿಲ್ಲ. ಮಾಲೀಕನಿಗೆ ಅದರ ಚಿಂತೆಯೂ ಇರಲಿಲ್ಲ. ಅವನಿಗೆ ಯಾರೋ ಚಪ್ಪಾಳೆ ತಟ್ಟಿದ್ದರು.

1994ರಲ್ಲಿ ಸುಮಾರು 2.86 ಲಕ್ಷ ಕಾರು ಮಾರಾಟವಾಯಿತು. ಕೂಡು ಕುಟುಂಬದಲ್ಲಿ ಕಿರಿಯವನನ್ನು ಊರೆಲ್ಲ ಹೊಗಳಿದರೆ ಏನಾಗುತ್ತದೋ ಅದೇ ಆಯಿತು. ಅಷ್ಟೂ ದುಡ್ಡು ಅವನಿಗೇ ಸುರಿದರೆ ನಮ್ಮ ಗತಿಯೇನು ಎಂದು ಶೆವರ್ಲೆ, ಪಾಂಟಿಯಾಕ್ ಮಂದಿ ಎದ್ದು ನಿಂತರು. ಅತ್ತ ಕಾರ್ಮಿಕ ಸಂಘದ ಹಿರಿತಲೆಗಳಿಗೂ ಆ 28 ಪುಟ ಕಣ್ಣುಕಿಸುರಾಗಿತ್ತು. ಎಂದೂ ಒಂದು ಮಾತಿಗೆ ಬಾರದ ಕಂಪನಿಯವರೂ ಸಂಘವೂ ಮೊದಲ ಬಾರಿಗೆ ಒಮ್ಮತಕ್ಕೆ ಬಂದದ್ದು ತಮ್ಮ ನಡುವಿನ ಸ್ನೇಹವನ್ನು ಮುರಿಯುವ ವಿಷಯದಲ್ಲಿ. ಹೊಸ ಮಾದರಿಗೆ ದುಡ್ಡು ಬರಲಿಲ್ಲ. ಒಂದೇ ಸಣ್ಣ ಕಾರನ್ನು ತಿದ್ದಿ ತೀಡಿ ಒಂಬತ್ತು ವರ್ಷ ಮಾರಿದರು. ಅಮೆರಿಕವೆಲ್ಲ ಎತ್ತರದ ಎಸ್‌ಯುವಿ ಹತ್ತಿ ಕೂತಿದ್ದ ಹೊತ್ತಿನಲ್ಲಿ ಸ್ಯಾಟರ್ನ್ ತನ್ನ ಎರಡು ಬಾಗಿಲಿನ ಕಾರಿಗೆ ಮೂರನೆಯ ಪುಟ್ಟ ಬಾಗಿಲೊಂದನ್ನು, ಅದೂ ಚಾಲಕನ ಪಕ್ಕಕ್ಕೆ ಮಾತ್ರ, ಇಟ್ಟು ಕ್ರಾಂತಿ ಎಂದಿತು. ಜಪಾನನ್ನು ಗೆಲ್ಲಲು ಹುಟ್ಟಿದ ಬ್ರ್ಯಾಂಡನ್ನು ಜಪಾನಿಗೇ ಒಯ್ದು 1997ರಿಂದ ಮಾರಿ ನೋಡಿದರು. 2001ಕ್ಕೆ ಗಂಟುಮೂಟೆ ಕಟ್ಟಿದರು. ಆಮೇಲೆ ಬಂದ ವ್ಯೂ ಎಂಬ ಎಸ್‌ಯುವಿಗೆ 2004ರಿಂದ ಹಾಕಿದ ದೊಡ್ಡ ಇಂಜಿನ್ ಯಾರದ್ದು? ಹೋಂಡಾದ್ದು. ಶತ್ರುವಿನ ಹೃದಯವನ್ನು ಗೆಲ್ಲಲಾಗದಿದ್ದರೆ ಕೊಂಡುಕೊಳ್ಳಬಹುದು.

ಈ ನಡುವೆ ಇನ್ನೊಂದು ತಮಾಷೆ. ಜನರಲ್ ಮೋಟರ್ಸ್ 1996ರಲ್ಲೇ ಇವಿ1 ಎಂಬ ಬ್ಯಾಟರಿ ಕಾರನ್ನು ರಸ್ತೆಗಿಳಿಸಿತ್ತು. ಕೊಟ್ಟದ್ದು ಸ್ಯಾಟರ್ನ್ ಶೋರೂಮುಗಳ ಮೂಲಕ, ಅದೂ ಬಾಡಿಗೆಗೆ. ಓಡಿಸಿದವರು ಮೋಹಗೊಂಡರು, ದುಡ್ಡು ತೆಗೆದುಕೊಂಡು ನಮಗೇ ಕೊಡಿ ಎಂದು ಗೋಗರೆದರು. ಕಂಪನಿ ಎಲ್ಲವನ್ನೂ ವಾಪಸು ಪಡೆದು ಬಹುಪಾಲನ್ನು ಜಜ್ಜಿಹಾಕಿತು. 2003ರಲ್ಲಿ ಹಾಲಿವುಡ್ಡಿನ ಸ್ಮಶಾನವೊಂದರಲ್ಲಿ ಓಡಿಸಿದವರು ಸೇರಿ ಅದಕ್ಕೆ ಅಣಕು ಅಂತ್ಯಕ್ರಿಯೆ ಮಾಡಿದರು. ಗಿರಾಕಿ ಪ್ರೀತಿಸಿದ್ದನ್ನೆಲ್ಲ ಮುಚ್ಚುವುದು ಅಷ್ಟರಲ್ಲಿ ಕಂಪನಿಗೆ ಕೈಪಳಗಿದ ವಿದ್ಯೆಯಾಗಿತ್ತು.

2004ರ ಹೊತ್ತಿಗೆ 28 ಪುಟದ ಒಪ್ಪಂದ ಹೋಗಿ ದಪ್ಪ ಪುಸ್ತಕ ಬಂತು. 2007ರಲ್ಲಿ ಸ್ಪ್ರಿಂಗ್ ಹಿಲ್‌ನಲ್ಲಿ ಸ್ಯಾಟರ್ನ್ ಕಟ್ಟುವುದು ನಿಂತು, ಖಾಲಿಯಾದ ಜಾಗಕ್ಕೆ ದೊಡ್ಡಣ್ಣ ಶೆವರ್ಲೆ ಬಂದು ತನ್ನ ಟ್ರಾವರ್ಸ್ ಕಟ್ಟಿದ. ಆಗ ಸ್ಯಾಟರ್ನ್ ಹೆಸರಲ್ಲಿ ಮಾರುತ್ತಿದ್ದುದರಲ್ಲಿ ಬೆಲ್ಜಿಯಮ್ಮಿನಿಂದ ಹಡಗಿನಲ್ಲಿ ತಂದ ಓಪೆಲ್ ಆಸ್ಟ್ರಾ ಕೂಡ ಒಂದು. ವಿಚಿತ್ರವೆಂದರೆ ಒಳ್ಳೆಯ ಕಾರುಗಳು ಬಂದದ್ದೇ ಈ ಕೊನೆಗಾಲದಲ್ಲಿ. ಔರಾ ಎಂಬುದಕ್ಕೆ 2007ರ ಉತ್ತರ ಅಮೆರಿಕದ ವರ್ಷದ ಕಾರು ಪ್ರಶಸ್ತಿಯೂ ಸಿಕ್ಕಿತು. ಬೇರೆಯದೇ ಬಗೆಯ ಕಂಪನಿ ಎಂದು ಹೇಳಿಕೊಂಡೇ ಹುಟ್ಟಿದ್ದು ಉಳಿದ ಐವರ ಹಾಗೆಯೇ ಆದ ಮೇಲೆ ಕೊಳ್ಳುವವರಿಗೂ ಕಾರಣ ಉಳಿಯಲಿಲ್ಲ. 2009ರ ಜೂನ್ 1ರಂದು ಜನರಲ್ ಮೋಟರ್ಸ್ ದಿವಾಳಿ ಅರ್ಜಿ ಹಾಕಿತು. ರೇಸಿಂಗ್ ತಂಡಗಳ ಒಡೆಯ ರೋಜರ್ ಪೆನ್ಸ್ಕಿ ಸ್ಯಾಟರ್ನ್ ಕೊಳ್ಳಲು ಮುಂದೆ ಬಂದರು. ಕಾರು ಕಟ್ಟಿಕೊಡುತ್ತದೆಂದು ಅವರು ನಂಬಿದ್ದ ಫ್ರಾನ್ಸಿನ ರೆನೋ ಕೊನೇ ಗಳಿಗೆಯಲ್ಲಿ ಕೈಯೆತ್ತಿತು. ಸೆಪ್ಟೆಂಬರ್ 30ಕ್ಕೆ ಅದೂ ಮುಗಿಯಿತು. ರೋಜರನೊಬ್ಬ ಹುಟ್ಟಿಸಿದ್ದನ್ನು ಇನ್ನೊಬ್ಬ ರೋಜರ್ ಉಳಿಸಲಾಗಲಿಲ್ಲ.

2017ರ ಕೊನೆಗೆ ಇದೇ ಕಂಪನಿ ಭಾರತದಲ್ಲಿ ಶೆವರ್ಲೆ ಮಾರುವುದನ್ನು ನಿಲ್ಲಿಸಿದಾಗ ನಮ್ಮ ಬೀಟ್, ಸ್ಪಾರ್ಕ್, ಟವೇರಾ ಮಾಲೀಕರು ಬಿಡಿಭಾಗ ಸಿಗುತ್ತದೋ ಇಲ್ಲವೋ, ಮಾರಿದರೆ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿದರು, ಮುಗಿಯಿತು. ನಮಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲವಾದ್ದರಿಂದ ಅಳುವ ಪ್ರಮೇಯ ಬರಲಿಲ್ಲ. ಸ್ಯಾಟರ್ನಿನವರ ಪಾಡು ಬೇರೆ.

ಅವರಿಗಾಗಿ ಕೊನೆಯ ಪತ್ರವೊಂದು ಕಾದಿತ್ತು. 2003ರ ಮಾದರಿಯಾಗಿ ಬಂದ ಸ್ಯಾಟರ್ನ್ ಅಯಾನ್ ಕಾರಿನ ಇಗ್ನಿಷನ್ ಸ್ವಿಚ್ಚು ಸಡಿಲ. ಕೀಗೊಂಚಲು ಭಾರವಾದರೆ, ಅಥವಾ ಕಾರು ಗುಂಡಿಗೆ ಬಿದ್ದು ಕುಲುಕಿದರೆ ಕೀ ತಾನೇ ತಿರುಗಿ ಓಡುವ ಕಾರಿನ ಇಂಜಿನ್ ಆರಿಹೋಗುತ್ತಿತ್ತು. ಇಂಜಿನ್ ಆರಿದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಿರಲಿಲ್ಲ. ಶೆವರ್ಲೆ ಕೋಬಾಲ್ಟ್ ಮುಂತಾದವಕ್ಕೂ ಇದೇ ಸ್ವಿಚ್ಚು. ಅಯಾನ್ ಇನ್ನೂ ಮಾರುಕಟ್ಟೆಗೆ ಬರುವ ಮೊದಲೇ, 2001ರಲ್ಲಿ, ಕಂಪನಿಯ ಕಡತದಲ್ಲಿ ಸ್ವಿಚ್ಚಿನ ತಕರಾರು ದಾಖಲಾಗಿತ್ತು. ಆಮೇಲೆ ಯಾರೋ ಸದ್ದಿಲ್ಲದೆ ಭಾಗವನ್ನು ಬದಲಾಯಿಸಿದರು, ಭಾಗದ ಸಂಖ್ಯೆಯನ್ನು ಮಾತ್ರ ಹಾಗೇ ಬಿಟ್ಟರು. ಹುಡುಕುವವನಿಗೆ ಸುಳಿವು ಸಿಗಬಾರದಲ್ಲ. ವಾಪಸು ಕರೆದದ್ದು 2014ರಲ್ಲಿ, ಎಲ್ಲ ಬ್ರ್ಯಾಂಡು ಸೇರಿ ಸುಮಾರು 26 ಲಕ್ಷ ಕಾರು. ಕಂಪನಿಯ ಪರಿಹಾರ ನಿಧಿಯೇ ಒಪ್ಪಿಕೊಂಡ ಸಾವು 124. ಸರ್ಕಾರದ ಜೊತೆ ರಾಜಿಯಾದದ್ದು 90 ಕೋಟಿ ಡಾಲರಿಗೆ. ಸ್ವಿಚ್ಚಿನ ದೋಷ ಸರಿಪಡಿಸುವ ಭಾಗಕ್ಕೆ ಒಂದು ಡಾಲರೂ ಬೀಳುತ್ತಿರಲಿಲ್ಲ.

ಸೀಟಿಗಾಗಿ ಅಲಾಸ್ಕಾದವರೆಗೆ ಹೋಗಿದ್ದ ಕಂಪನಿ ಅಷ್ಟರಲ್ಲಿ ಸತ್ತು ವರ್ಷಗಳಾಗಿದ್ದವು. ಅಯಾನ್ ಮಾಲೀಕ ಬೇರೆ ಬ್ರ್ಯಾಂಡಿನ ಶೋರೂಮಿನಲ್ಲಿ ಸರದಿ ನಿಲ್ಲಬೇಕು. ಊಟವಿಲ್ಲ, ತೊಳೆಯುವುದಿಲ್ಲ. ಹೊಸ ಸ್ವಿಚ್ಚು ಬರುವವರೆಗೆ ಗೊಂಚಲಿನಿಂದ ಮನೆಯ ಕೀ, ಬೀರುವಿನ ಕೀ, ಆಫೀಸಿನ ಕೀ ಎಲ್ಲ ಬಿಚ್ಚಿಟ್ಟು, ಕಾರಿನ ಕೀಯೊಂದನ್ನೇ ಇಟ್ಟುಕೊಂಡು ಓಡಿಸಿ ಎಂದು ಜನರಲ್ ಮೋಟರ್ಸ್ ಸಲಹೆ ಕೊಟ್ಟಿತು. ಹತ್ತಕ್ಕೂ ಹೆಚ್ಚು ವರ್ಷದ ತನಿಖೆಯ ಬಳಿಕ ತಪ್ಪಿತಸ್ಥ ಸಿಕ್ಕಿಬಿದ್ದಿದ್ದ: ಮಾಲೀಕನ ಬೀರುವಿನ ಕೀ.